ಭೂಮಿಗೆ ಭಾರವಾವುದು?

ಕಳೆದ ಬೇಸಗೆಯ ಒಂದು ಸಂಜೆ ಜಗುಲಿಯ ಮೇಲೆ ಕುಳಿತಿದ್ದಾಗ ನಮ್ಮ ಮಗಳು, “ಅಪ್ಪಾ, ನಾವಿಬ್ಬರೂ ಮಕ್ಕಳು ಬೇಡವೆಂದು ನಿಶ್ಚಯಿಸಿದ್ದೇವೆ. ಭೂಮಿ ಬಿಸಿಯೇರುತ್ತಿರುವುದೇ ಮನುಷ್ಯರಿಂದ; ಇನ್ನೊಬ್ಬರನ್ನೇಕೆ ಸೇರಿಸಬೇಕು?” ಎಂದಳು. ನಮಗೆ ಉತ್ತರ ತೋರಲಿಲ್ಲ. ತೋರದಿದ್ದುದಕ್ಕೆ ಕಾರಣವೂ ಉಂಟು. ಮನುಷ್ಯನೇ ಭೂಮಿಗೆ ಭಾರವೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳುತ್ತ ಬಂದವರು ನಾವೇ. ಆಕೆಯೂ ಒಂದು ಕಾಲಕ್ಕೆ ಆ ತರಗತಿಯಲ್ಲಿ ಕುಳಿತು ಕೇಳಿದವಳು.

ಆ ರಾತ್ರಿ ಭಾಗವತದ ದಶಮಸ್ಕಂಧವನ್ನು ತೆರೆದೆವು. ಭೂದೇವಿಯು ಗೋರೂಪದಿಂದ ಕಣ್ಣೀರಿಡುತ್ತ ಬ್ರಹ್ಮನಲ್ಲಿಗೆ ಹೋಗಿ ತನ್ನ ಭಾರವನ್ನು ಮೊರೆಯಿಟ್ಟ ಕಥೆ ಅಲ್ಲಿಯದು. ಎಷ್ಟೋ ಬಾರಿ ಪಾಠ ಹೇಳಿದ್ದ ಆ ಭಾಗವನ್ನು ಅಂದು ನಿಧಾನವಾಗಿ ಓದಿದಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ಆಕೆಯನ್ನು ಬಾಧಿಸಿದುದು ಮನುಷ್ಯರ ಸಂಖ್ಯೆಯಲ್ಲ. ಅರಸರ ವೇಷದಲ್ಲಿದ್ದ ದರ್ಪಿಷ್ಠ ದೈತ್ಯರ ಸೇನೆಗಳು. ಉಳುವವನೂ ನೇಯುವವನೂ ಭಾರವಾದರೆಂದು ಅಲ್ಲಿ ಹೇಳಿಲ್ಲ.

ಇಂದಿನ ಲೆಕ್ಕವೂ ಇದಕ್ಕೆ ದೂರವಾದುದಲ್ಲ. ಕಲ್ಲಿದ್ದಲು, ಎಣ್ಣೆ ಮೊದಲಾದುವನ್ನು ಸುಡುವುದರಿಂದ ವರ್ಷಕ್ಕೆ ತಲೆಯೊಂದಕ್ಕೆ ಹೊರಬೀಳುವ ಇಂಗಾಲದ ಡೈಆಕ್ಸೈಡು ಭಾರತದಲ್ಲಿ ಸುಮಾರು 2 ಟನ್ನು, ಅಮೆರಿಕದಲ್ಲಿ ಸುಮಾರು 14 ಟನ್ನು. ನಮ್ಮ ದೇಶದೊಳಗೂ ಕೂಲಿಯವನ ಪಾಲು, ಕಾರಿನಲ್ಲಿ ತಿರುಗುವವನ ಪಾಲು ಒಂದೇ ಅಲ್ಲ. ಭಾರವನ್ನು ಅಳೆಯಬೇಕಾದುದು ತಲೆಗಳನ್ನೆಣಿಸಿ ಅಲ್ಲ, ಬಾಳುವ ರೀತಿಯನ್ನು ನೋಡಿ.

ನಿದಾನ ತಪ್ಪಿದರೆ ಔಷಧವೂ ತಪ್ಪುವುದಷ್ಟೆ. ಮನುಷ್ಯನನ್ನೇ ರೋಗವೆಂದು ಬಗೆದವರಿಗೆ ತೋರುವ ಚಿಕಿತ್ಸೆ ಮನುಷ್ಯರನ್ನು ಕಡಮೆ ಮಾಡುವುದು, ಇಲ್ಲವೆ ಹೊರಗಟ್ಟುವುದು. ಹಾಗೆ ಹೊರಬೀಳುವವರು ಬಹುಮಟ್ಟಿಗೆ ಬಡವರೇ. ಮನುಷ್ಯನು ತಪ್ಪು ಮಾಡಿದವನು, ಆದರೂ ತಿದ್ದಿಕೊಳ್ಳಬಲ್ಲವನು ಎಂದು ಬಗೆದರೆ ಬೇರೆ ದಾರಿಗಳು ಕಾಣುವುವು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹಲವು ರಾಷ್ಟ್ರಗಳು ಕೂಡಿ, ಶೀತಯಂತ್ರಗಳಲ್ಲಿ ಬಳಸುತ್ತಿದ್ದ, ಓಝೋನ್ ಪದರವನ್ನು ಕೆಡಿಸುವ ಅನಿಲಗಳನ್ನು ತಗ್ಗಿಸಲು ಒಡಂಬಟ್ಟುವು. ಕಾಲಕ್ರಮದಲ್ಲಿ ಜಗತ್ತಿನ ರಾಷ್ಟ್ರಗಳೆಲ್ಲವೂ ಅದಕ್ಕೆ ಸೇರಿದುವು. ಆ ಪದರವು ಈಗ ಮೆಲ್ಲನೆ ಚೇತರಿಸಿಕೊಳ್ಳುತ್ತಿದೆ. ಆ ಅನಿಲಗಳು ಭೂಮಿಯನ್ನು ಬಿಸಿಮಾಡುವಂಥವೂ ಆದುದರಿಂದ ತಾಪದ ಏರಿಕೆಯೂ ಅಷ್ಟರಮಟ್ಟಿಗೆ ತಪ್ಪಿತು. ಇದಕ್ಕಾಗಿ ಯಾರನ್ನೂ ಕಡಮೆ ಮಾಡಬೇಕಾಗಲಿಲ್ಲ. ಯಂತ್ರದೊಳಗಿನ ಅನಿಲವನ್ನು ಬದಲಿಸಿದರೆ ಸಾಕಾಯಿತು.

ಅಷ್ಟು ದೂರ ಹೋಗುವುದೇಕೆ? ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಆಲದ ಸಾಲನ್ನು ನೋಡಬಹುದು. 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೀರು ಹೊತ್ತು ಬೆಳೆಸಿದ 385 ಮರಗಳವು. ಅವರಿಗೆ ಮಕ್ಕಳಿರಲಿಲ್ಲ. ತಿಮ್ಮಕ್ಕನವರು ಶಾಲೆಗೆ ಹೋದವರೂ ಅಲ್ಲ. ಅಷ್ಟು ಮರಗಳು ಜಗತ್ತಿನ ತಾಪವನ್ನು ನೀಗಲಾರವು, ನಿಜ. ಆದರೆ ಮನುಷ್ಯರ ಕೈ ಇಲ್ಲದಿದ್ದರೆ ಆ ದಾರಿಗೆ ಆ ನೆರಳು ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಮಗಳಿಗೆ ಇಷ್ಟನ್ನೂ ಹೇಳಿದೆವು. ಮಕ್ಕಳು ಬೇಕೆ ಬೇಡವೆ ಎಂಬುದು ಅವರಿಬ್ಬರ ವಿಚಾರ, ಅದರಲ್ಲಿ ನಾವು ಬಾಯಿಹಾಕುವವರಲ್ಲ. ಆದರೆ ಮನುಷ್ಯ ಹುಟ್ಟುವುದೇ ತಪ್ಪೆಂಬ ಭಾವನೆ ನಮ್ಮ ಪಾಠದಿಂದ ಬಂದಿದ್ದರೆ, ಆ ಪಾಠವನ್ನು ಹಿಂದಕ್ಕೆ ತೆಗೆದುಕೊಂಡೆವೆಂದು ತಿಳಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಆಗಲೇ ತರಗತಿಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು, ಅಪ್ಪಾ” ಎಂದಳು.

ಆ ತರಗತಿಗಳಲ್ಲಿ ಕುಳಿತಿದ್ದ ಉಳಿದವರಿಗೂ ತಲಪಲೆಂದು ಇದನ್ನು ಬರೆದಿದ್ದೇವೆ.