ಹಿಮವೋ ರವೆಯೋ

ಶಿರ್ವದಲ್ಲಿ ಹಿಮ ಬೀಳುವುದನ್ನು ನಾನು ಮೊದಲು ನೋಡಿದ್ದು ಒಂದು ಒಂಟೆಯ ಮೇಲೆ.

ಎಂಬತ್ತರ ದಶಕ. ಪಕ್ಕದ ಮನೆ ಬಾಯಮ್ಮನ ದೊಡ್ಡ ಮಗ ಗಲ್ಫಿನಿಂದ ರಜೆಗೆ ಬಂದಿದ್ದ. ಟೇಪ್‌ರೆಕಾರ್ಡರು, ಟ್ಯಾಂಗಿನ ಡಬ್ಬಿ, ಸೆಂಟಿನ ಬಾಟ್ಲಿಗಳ ನಡುವೆ ಅರ್ಧ ಮೂಸಂಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಗುಮ್ಮಟವೊಂದು ಪೆಟ್ಟಿಗೆಯಿಂದ ಹೊರಬಂತು. ಒಳಗೆ ನೀರು, ನೀರಿನಲ್ಲಿ ಒಂದು ಒಂಟೆ, ಒಂದು ಖರ್ಜೂರದ ಮರ. ತಲೆಕೆಳಗು ಮಾಡಿ ನೆಟ್ಟಗೆ ಹಿಡಿದರೆ ಬಿಳಿ ಹುಡಿ ಮೆಲ್ಲ ಮೆಲ್ಲ ಇಳಿದು ಒಂಟೆಯ ಡುಬ್ಬದ ಮೇಲೆ ಕೂರುತ್ತಿತ್ತು. ಮರುಭೂಮಿಯ ಒಂಟೆಗೆ ಹಿಮ ಎಲ್ಲಿಂದ ಎಂದು ನಾವು ಯಾರೂ ಕೇಳಲಿಲ್ಲ. ಎರಡನ್ನೂ ಕಂಡರಿಯದ ಮಕ್ಕಳಿಗೆ ಒಂಟೆಯೂ ಹಿಮವೂ ಒಂದೇ ದೂರದಲ್ಲಿದ್ದವು.

ವರ್ಷ ಎರಡಾಗುವಷ್ಟರಲ್ಲಿ ಒಳಗಿನ ನೀರು ಆರುತ್ತಾ ಬಂದು ಒಂಟೆಯ ಡುಬ್ಬ ಮೇಲೆದ್ದಿತು. ಉಪಕಾರ ಮಾಡುವ ಉತ್ಸಾಹದಲ್ಲಿ ನಾನು ಅಡಿಯ ರಬ್ಬರ್ ಬಿರಡೆ ಕಿತ್ತು ಬಾವಿ ನೀರು ತುಂಬಿಸಿದೆ. ತಿಂಗಳಾಗುವುದರೊಳಗೆ ನೀರು ಹಸಿರಾಯಿತು, ಹುಡಿ ಗಂಟುಕಟ್ಟಿತು, ಒಂಟೆ ನಮ್ಮ ಆಟಿ ತಿಂಗಳ ತೋಡಿನಲ್ಲಿ ನಿಂತ ಎಮ್ಮೆಯ ಹಾಗೆ ಕಾಣತೊಡಗಿತು. ಬಾಯಮ್ಮ ಬೈಯಲಿಲ್ಲ. “ಈಗ ಅದು ಊರಿನದ್ದಾಯಿತು” ಎಂದು ಮತ್ತೆ ಶೋಕೇಸಿನಲ್ಲೇ ಇಟ್ಟರು.

ಈಗ ನಾನು ಮಂಚಕಲ್ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಫ್ಲೆಕ್ಸ್ ಡಿಸೈನ್ ಮಾಡಿ ಬದುಕುವವನು. ನೇಮ, ಬ್ರಹ್ಮಕಲಶ, ಮದುವೆ, ಕಬಡ್ಡಿ ಪಂದ್ಯಾಟ, ಶ್ರದ್ಧಾಂಜಲಿ. ಯಾವ ಗಣ್ಯರ ತಲೆ ಯಾರ ತಲೆಗಿಂತ ಎಷ್ಟು ದೊಡ್ಡದಿರಬೇಕು ಎಂಬ ಶಾಸ್ತ್ರದಲ್ಲಿ ಪಾರಂಗತ. ಹೋದ ಡಿಸೆಂಬರಿನಲ್ಲಿ ಬಾಯಮ್ಮನ ಮೊಮ್ಮಗಳು ಕೆನಡಾದಿಂದ ಫೋನ್ ಮಾಡಿದಳು. ಅದರ ಹಿಂದಿನ ವರ್ಷ ಅಜ್ಜಿಗೆಂದು ಗಾಜಿನದೇ ಒಂದು ಹಿಮಗೋಲ ತರುತ್ತಿದ್ದಳಂತೆ. ಕೈಚೀಲದಲ್ಲಿ ಇಟ್ಟದ್ದೇ ತಪ್ಪು. 2006ರಲ್ಲಿ ಲಂಡನ್ನಿನ ಬಾಂಬು ಸಂಚು ಬಯಲಾದ ಮೇಲೆ ವಿಮಾನದೊಳಗೆ ಒಂದು ಪಾತ್ರೆಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವ ಒಯ್ಯಬಾರದೆಂಬ ಕಟ್ಟುಪಾಡು ಬಂತಲ್ಲ, ಅದರಲ್ಲಿ ಸಿಕ್ಕಿಬಿದ್ದಿತು. ಗೋಲ ತಪಾಸಣೆ ಮೇಜಿನಲ್ಲೇ ಉಳಿಯಿತು.

“ಅಂಕಲ್, ನೀವು ಕಂಪ್ಯೂಟರಿನಲ್ಲೇ ಒಂದು ಮಾಡಿ ಕೊಡಿ. ಒಳಗೆ ಅಜ್ಜಿಯ ಮನೆ ಇರಬೇಕು. ವಾಟ್ಸಾಪಿನಲ್ಲಿ ಕಳಿಸುವುದನ್ನು ಯಾರೂ ಹಿಡಿಯುವುದಿಲ್ಲವಲ್ಲ?”

ಅದು ನನಗೆ ಎಡಗೈ ಕೆಲಸ ಅಂದುಕೊಂಡೆ. ಬಾಯಮ್ಮನ ಮನೆಯ ಫೋಟೋ ತೆಗೆದೆ: ಹಂಚಿನ ಮಾಡು, ಕೆಂಪುಕಲ್ಲಿನ ಬಾವಿಕಟ್ಟೆ, ಬದಿಯಲ್ಲಿ ಮಲ್ಲಿಗೆ ಗಿಡಗಳು, ಮೆಟ್ಟಿಲಲ್ಲಿ ಬಾಯಮ್ಮ. ಶಿಫ್ಟ್ ಕೀ ಒತ್ತಿ ಹಿಡಿದು ಎಳೆದರೆ ದುಂಡನೆಯ ವೃತ್ತ. ಅದರೊಳಗೆ ಮನೆ. ಮೇಲಿಂದ ಸ್ಫಿಯರೈಸ್ ಎಂಬ ಫಿಲ್ಟರ್. ಚಪ್ಪಟೆ ಚಿತ್ರ ಚೆಂಡಿನ ಹಾಗೆ ಉಬ್ಬಿತು. ಅಂಚಿಗೆ ತುಸು ಕಪ್ಪು, ನಡುವೆ ತುಸು ಬೆಳಕು.

ಗಾಜು ಗಾಜಾಗುವುದು ಮಾತ್ರ ಅದರ ಮೇಲಿನ ಪ್ರತಿಫಲನದಿಂದ. ಕಣ್ಣು ಗಾಜನ್ನು ನೋಡುವುದೇ ಇಲ್ಲ, ಗಾಜಿಗೆ ಹತ್ತಿಕೊಂಡ ಬೆಳಕನ್ನು ನೋಡುತ್ತದೆ. ಪಾಠ ಹೇಳುವವರೆಲ್ಲ ಎಡ ಮೂಲೆಯಲ್ಲಿ ಕಿಟಕಿಯಾಕಾರದ ಬಿಳಿ ತೇಪೆ ಬರೆಯುತ್ತಾರೆ. ನಾಲ್ಕು ಚೌಕದ ವಿಲಾಯತಿ ಕಿಟಕಿ. ನಾನು ಬಾಯಮ್ಮನ ಶೋಕೇಸನ್ನು ನೆನೆದು, ಮೇಲೆ ಹೊಳೆಯುತ್ತಿದ್ದ ಟ್ಯೂಬ್‌ಲೈಟನ್ನೇ ಉದ್ದಕ್ಕೆ ಬಾಗಿಸಿ ಬರೆದೆ. ಒಮ್ಮೆಲೇ ಅದು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಯಿತು.

ಪೀಠದ ಮೇಲೆ ‘ಶಿರ್ವ’ ಎಂದು ಬರೆಯಹೋದರೆ ಅರ್ಕಾವತ್ತು ಬರಲಿಲ್ಲ. ‘ಶಿರ್‌ವ’ ಎಂದು ಮುರಿದುಕೊಂಡು ಕೂತಿತು. ಸೆಟ್ಟಿಂಗಿನಲ್ಲಿ ಅಕ್ಷರದ ಎಂಜಿನ್ನನ್ನು ದಕ್ಷಿಣ ಏಷ್ಯಾದ ಭಾಷೆಗಳದ್ದಕ್ಕೆ ಬದಲಿಸಿ, ಮುಚ್ಚಿ ತೆರೆದ ಮೇಲೆ ಊರು ಸರಿಯಾಯಿತು. ಕೊಂಬು, ದೀರ್ಘ, ಒತ್ತು ಒಂದೊಂದು ದಿಕ್ಕಿಗೆ ಹಾರಿಹೋದ ಎಷ್ಟು ಫ್ಲೆಕ್ಸುಗಳನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ!

ಕೊನೆಗೆ ಹಿಮ. ಹೊಸ ಲೇಯರಿಗೆ ಪೂರ್ತಿ ಕಪ್ಪು ಬಳಿದು, ಅದರ ಮೇಲೆ ನಾಯ್ಸ್ ಚೆಲ್ಲಿ, ಚೂರು ಮಸುಕು ಮಾಡಿ, ಸ್ಕ್ರೀನ್ ಮೋಡಿಗೆ ಹಾಕಿದರೆ ಕಪ್ಪೆಲ್ಲ ಮಾಯವಾಗಿ ಬಿಳಿ ಚುಕ್ಕಿ ಮಾತ್ರ ಉಳಿಯುತ್ತದೆ. ಈ ಲೇಯರ್ ಎಂಬುದರ ಮೇಲೆಯೇ ನನ್ನ ಹೊಟ್ಟೆಪಾಡು ನಿಂತಿರುವುದು. ಅಮೆರಿಕದ ಥಾಮಸ್ ನಾಲ್, ಜಾನ್ ನಾಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್ 1990ರಲ್ಲಿ ಪೇಟೆಗೆ ಬಂದಾಗ ಅದರಲ್ಲಿ ಲೇಯರ್ ಇರಲಿಲ್ಲ. ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಪತ್ರೊಡೆಗೆ ಕೆಸುವಿನ ಎಲೆ ಮೇಲೆ ಎಲೆ ಇಟ್ಟ ಹಾಗೆ. ಸುತ್ತಿ ಬೇಯಿಸುವ ತನಕ ಯಾವ ಎಲೆಯನ್ನೂ ಎಳೆದು ತೆಗೆಯಬಹುದು. ಬೆಂದ ಮೇಲೆ ಬಿಡಿಸಲಿಕ್ಕಿಲ್ಲ. ಬೇಯಿಸುವುದಕ್ಕೆ ಫ್ಲಾಟನ್ ಎನ್ನುತ್ತಾರೆ. ನಾನು ಕೆಲಸ ಮುಗಿಯಿತೆಂದು ಫ್ಲಾಟನ್ ಒತ್ತಿ, ಸೇವ್ ಮಾಡಿ, ಮೊಬೈಲಿಗೆ ಹಾಕಿಕೊಂಡು ಬಾಯಮ್ಮನಿಗೆ ತೋರಿಸಲು ಹೋದೆ.

ಅವರು ಕ್ರಿಸ್ಮಸ್ ತಿಂಡಿಗಳ, ಅಂದರೆ ಕುಸ್ವಾರಿನ, ತಯಾರಿಯಲ್ಲಿದ್ದರು. ಚಾವಡಿಯ ಮೂಲೆಯಲ್ಲಿ ಗೋದಲಿ ಅರ್ಧ ಕಟ್ಟಿತ್ತು. ಬೈಹುಲ್ಲಿನ ಮಾಡಿಗೆ ಹತ್ತಿ ಹರಡಿದ್ದರು, ಹಿಮವೆಂದು. ಕನ್ನಡಕ ಏರಿಸಿ ಮೊಬೈಲನ್ನು ದೂರ ಹಿಡಿದು ನೋಡಿದರು.

“ಮಾಡು ಬಗ್ಗಿದೆಯಲ್ಲ ಮಗಾ? ಪಕ್ಕಾಸು ಹೋಗಿದೆಯಾ?”

“ಇಲ್ಲ ಬಾಯಮ್ಮ, ಗಾಜಿನೊಳಗೆ ಹಾಗೆ ಕಾಣುವುದು.”

“ಮತ್ತೆ ಮನೆ ಮೇಲೆ ಇದೆಂಥದು ರವೆ ಚೆಲ್ಲಿದ್ದು?”

ಅವರ ಮುಂದಿನ ಗೆರಸೆಯಲ್ಲಿ ರವೆಯೇ ಇತ್ತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಮಾತ್ರ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಹಿಮಗೋಲದ ಹುಟ್ಟು ಹುಡುಕುತ್ತಾ ಹೋದವನು ಬೆಚ್ಚಿಬಿದ್ದೆ. ವಿಯೆನ್ನಾದಲ್ಲಿ ಎರ್ವಿನ್ ಪೆರ್ಜಿ ಎಂಬ ಮೆಕ್ಯಾನಿಕ್ ಇದ್ದ. ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವನು. 1900ರ ಸುಮಾರಿಗೆ ವಿದ್ಯುತ್ ಬಲ್ಬು ಬಂದಿತ್ತಾದರೂ ಮಂಕು. ಆಪರೇಷನ್ ಕೋಣೆಗೆ ಅದರ ಬೆಳಕನ್ನು ಹೆಚ್ಚಿಸಬೇಕಿತ್ತು. ಅಲ್ಲಿಯ ಚಪ್ಪಲಿ ಹೊಲಿಯುವವರು ರಾತ್ರಿ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟು ಬೆಳಕನ್ನು ಉಳಿಯ ತುದಿಗೆ ಕೂಡಿಸಿಕೊಳ್ಳುತ್ತಿದ್ದರು. ಪೆರ್ಜಿ ಆ ಬುರುಡೆ ಹಿಡಿದು, ನೀರಿಗೆ ಅದು ಇದು ಹಾಕಿ, ಹೊಳಪು ಬರುತ್ತದೋ ಎಂದು ನೋಡುತ್ತಾ ಹೋದ. ಒಂದು ದಿನ ಅಡುಗೆಮನೆಯ ಬಿಳಿ ಹುಡಿ ಹಾಕಿದ. ಬೆಳಕು ಹೆಚ್ಚಲಿಲ್ಲ, ಹುಡಿ ನೀರು ಕುಡಿದು ನಿಧಾನಕ್ಕೆ ತಳಕ್ಕಿಳಿಯಿತು. ನೋಡಿದರೆ ಹಿಮ ಬಿದ್ದ ಹಾಗೆ!

ಆ ಹುಡಿ ರವೆ. ನಾವು ಬೆಳಿಗ್ಗೆ ಬಜಿಲಿನ ಜೊತೆ ತಿನ್ನುವ ಸಜ್ಜಿಗೆಯ ರವೆಯೇ.

ಅವನು ಮೊದಲ ಗೋಲದೊಳಗೆ ಇಟ್ಟದ್ದು ಮರಿಯಾಚೆಲ್ ಎಂಬ ಯಾತ್ರಾಸ್ಥಳದ ಮರಿಯಮ್ಮನ ಇಗರ್ಜಿಯ ಪುಟ್ಟ ಪ್ರತಿಕೃತಿ. ಪೇಟೆಂಟು ಪಡೆದ, ವಿಯೆನ್ನಾದ ಹೆರ್ನಾಲ್ಸ್ ಎಂಬಲ್ಲಿ ಕಾರ್ಖಾನೆ ಇಟ್ಟ. ಅವನ ಮನೆತನದವರು ಇವತ್ತಿಗೂ ಮಾಡುತ್ತಾರೆ. ಈಗ ರವೆಯಲ್ಲ, ಏನೆಂಬುದು ಮನೆಯ ಗುಟ್ಟು. ಅವನಿಗಿಂತ ಮೊದಲೇ, 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇಂಥದೇ ವಸ್ತುವನ್ನು ಅಮೆರಿಕದಿಂದ ಹೋದವರು ಕಂಡು ವರದಿಯಲ್ಲಿ ಬರೆದಿದ್ದಾರೆ: ನೀರು ತುಂಬಿದ ಗಾಜಿನ ಚೆಂಡು, ಒಳಗೆ ಬಿಳಿ ಹುಡಿ, ಕೊಡೆ ಹಿಡಿದು ನಿಂತ ಒಬ್ಬ ಮನುಷ್ಯ. ಕೊಡೆ! ಅವನು ಹಿಮಕ್ಕಿಂತ ನಮ್ಮ ಜೂನ್ ತಿಂಗಳಿಗೇ ಹೆಚ್ಚು ಸಲ್ಲುವವನು.

ಮರುದಿನ ಬಾಯಮ್ಮನ ಮುಂದೆ ಸೋಲೊಪ್ಪಿದೆ. ಅವರು ಗೆದ್ದವರಂತೆ ಏನೂ ತೋರಿಸಿಕೊಳ್ಳಲಿಲ್ಲ. “ಹಿಮ ನಮಗೆ ಯಾಕೆ? ಇಲ್ಲಿ ಬೀಳುವ ಬಿಳಿ ಇಲ್ಲವಾ?” ಎಂದು ಅಂಗಳಕ್ಕೆ ಕೈ ತೋರಿದರು.

ಶಂಕರಪುರ ಮಲ್ಲಿಗೆ ಎಂದು ಹೆಸರು ಶಂಕರಪುರಕ್ಕೆ ಹೋದರೂ ಗಿಡ ಶಿರ್ವದ ಅಂಗಳಗಳಲ್ಲೂ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಕೊಟ್ಟರೆ ಆ ದಿನದ ರೇಟು ಸಿಗುತ್ತದೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಡಿಸೆಂಬರಿನ ಚಳಿಗೆ ಹೂ ಕಡಿಮೆ, ರೇಟು ಮೇಲೆ. ಅಂಥ ಹೊತ್ತಿನಲ್ಲಿ ಅವರು ಏಳು ಮೊಗ್ಗು ಕಿತ್ತು ನನ್ನ ಅಂಗೈಗೆ ಹಾಕಿದ್ದು ಸಣ್ಣ ದಾನವಲ್ಲ.

ಬಾಗಿಲ ಹಿಂದಿನ ಕಪ್ಪು ಕೊಡೆ ಬಿಡಿಸಿ, ಬಟ್ಟೆಯ ಮೇಲೆ ಒಂದೊಂದೇ ಮೊಗ್ಗು ಇಟ್ಟು ಫೋಟೋ ಹೊಡೆದೆ. ಕಪ್ಪು ಇದ್ದರೆ ಸ್ಕ್ರೀನ್ ಮೋಡಿಗೆ ಸುಲಭ. ಹತ್ತಿರದಿಂದ ನೋಡಿದರೆ ಮೊಗ್ಗು ಪೂರ್ತಿ ಬಿಳಿಯೇ ಅಲ್ಲ. ತೊಟ್ಟಿನ ಕಡೆ ಹಸಿರು ಛಾಯೆ, ತುದಿ ಚೂಪು. ಮೊದಲ ಚಿತ್ರವನ್ನು ಬೇಯಿಸಿ ಇಟ್ಟದ್ದರಿಂದ ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು. ಅಂದಕ್ಕೆಂದು ನಾಲ್ಕು ಅರಳಿದ ಹೂ ಸೇರಿಸಿದ್ದೆ.

“ಅರಳಿದ್ದನ್ನು ಯಾರು ತಗೊಳ್ತಾರೆ?” ಎಂದರು ಬಾಯಮ್ಮ. ತೆಗೆದೆ. “ಒಟ್ಟು ಎಷ್ಟು ಹಾಕಿದ್ದೀ?”

“ನೂರು ಚಿಲ್ಲರೆ.”

“ಒಂದು ಚೆಂಡೂ ಆಗಲಿಲ್ಲ.”

ಆ ರಾತ್ರಿ ಕಂಟ್ರೋಲ್-ಜೆ ಒತ್ತುತ್ತಾ, ಆ ಏಳನ್ನೇ ತಿರುಗಿಸಿ, ಚಿಕ್ಕದು ದೊಡ್ಡದು ಮಾಡಿ, ಎಂಟುನೂರಕ್ಕೆ ಮುಟ್ಟಿಸಿದೆ. 24 ಚೌಕಟ್ಟಿನ ಜಿಫ್. ಮೊದಲ ಚೌಕಟ್ಟಿನಲ್ಲಿ ಮೊಗ್ಗು ಬಿಟ್ಟರೆ ಏನೂ ಕಾಣುವುದಿಲ್ಲ. ಹತ್ತನೆಯದರಲ್ಲಿ ಮಾಡಿನ ಮುಚ್ಚಿಗೆ, ಆಮೇಲೆ ಬಾವಿಕಟ್ಟೆ. ಕೊನೆಗೆ ಹೂವೆಲ್ಲ ಅಂಗಳಕ್ಕಿಳಿದು ಮೆಟ್ಟಿಲಲ್ಲಿ ಕೂತ ಬಾಯಮ್ಮ.

ಅವರು ಅದನ್ನು ನಾಲ್ಕೈದು ಸಲ ನೋಡಿದರು. ಮಾಡಿನ ಬಾಗು ಈ ಸಲ ಅವರಿಗೆ ಕಾಣಲಿಲ್ಲವೋ, ಬಿಟ್ಟುಕೊಟ್ಟರೋ. ಮೊಬೈಲ್ ವಾಪಸು ಕೊಡುತ್ತಾ ಕೇಳಿದರು:

“ಅಂಗಳ ಇಡೀ ಬಿತ್ತಲ್ಲ ಮಗಾ, ಇದನ್ನು ಇನ್ನು ಹೆಕ್ಕುವವರು ಯಾರು?”