ನಾಲ್ಕು ತರಗತಿ, ಒಬ್ಬರೇ ಅಕ್ಕೋರು

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾನೆ. 2019ರ ನವೆಂಬರಿನಲ್ಲಿ ಅದಕ್ಕೆ ‘ಅಸಿಂಕ್’ ಬರಹ ಬಂತಂತೆ: ಒಂದು ಕೆಲಸ ಯಾವುದಕ್ಕೋ ಕಾಯುತ್ತಿರುವಾಗ ಯಂತ್ರ ಸುಮ್ಮನೆ ಕೂರದೆ ಇನ್ನೊಂದನ್ನು ಎತ್ತಿಕೊಳ್ಳುವುದು. ರಾಣೆಬೆನ್ನೂರು ತಾಲ್ಲೂಕಿನ ಏಕೋಪಾಧ್ಯಾಯ ಶಾಲೆಯಲ್ಲಿ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಿದ ನನಗೆ ಇದೇನು ಹೊಸದು? ಮೂರನೆಯವರಿಗೆ ಲೆಕ್ಕ ಕೊಟ್ಟು, ಅವರು ಮಾಡುವಷ್ಟರಲ್ಲಿ ಒಂದನೆಯವರ ಪಾಟಿ ತಿದ್ದುವುದು.

“ಇದರಾಗ ತೊಡಕೇನೋ?” ಅಂದೆ.

“ಕೆಲಸ ಹೇಳಿದಕೂಡಲೆ ಶುರು ಆಗೂದಿಲ್ಲ ಅತ್ತಿ. ‘ಆತೇನು’ ಅಂತ ಕೇಳಿದ ಮ್ಯಾಲನ ಶುರು.”

ಎಷ್ಟು ಪರಿಚಿತ ಮಾತು! ಇನ್ನು, ಒಂದು ಕೆಲಸ ನಡುವೆ ಬಿಡುವು ಕೊಡದೆ ಉದ್ದಕ್ಕೂ ಲೆಕ್ಕ ಹಾಕುತ್ತ ಕೂತರೆ ಅದರ ಹಿಂದಿನ ಸರದಿಯವೆಲ್ಲ ನಿಂತೇಬಿಡುತ್ತವೆ. ಭಾಗಾಕಾರ ತಿಳಿಯದ ಒಬ್ಬನ ಬಳಿ ಅಕ್ಕೋರು ಅರ್ಧ ತಾಸು ಕೂತಂತೆ. ಅದಕ್ಕಿಂತ ಕೆಟ್ಟದ್ದು ರದ್ದತಿ. ಕಾಯುತ್ತಿದ್ದ ಕೆಲಸವನ್ನು ಅಲ್ಲಿಗೇ ಕೈಬಿಟ್ಟರೆ ಮುಂದಿನ ಸಾಲುಗಳು ನಡೆಯುವುದೇ ಇಲ್ಲ. ಒಂದು ಖಾತೆಯಿಂದ ಹಣ ತೆಗೆದಾಗಿರಬಹುದು, ಇನ್ನೊಂದಕ್ಕೆ ಹಾಕಿರುವುದಿಲ್ಲ. ಯಾರದೋ ಪಗಾರವಿದ್ದೀತು ಅದು.

ರಸ್ಟ್‌ನ ಕಂಪೈಲರ್ ಬಲು ಕಟ್ಟುನಿಟ್ಟು. ಇಬ್ಬರು ಒಂದೇ ಮಾಹಿತಿಯನ್ನು ಏಕಕಾಲಕ್ಕೆ ತಿದ್ದಲು ಹೋದರೆ ಮುಂದೆ ಬಿಡದು. ಈ ಎರಡು ತಪ್ಪುಗಳಿಗೆ ಮಾತ್ರ ಸಹಿ ಹಾಕಿ ಕಳಿಸುತ್ತದೆ, ದಾಖಲೆ ನೋಡಿ ಹೊರಟುಬಿಡುವ ಇನ್‌ಸ್ಪೆಕ್ಟರರ ಹಾಗೆ. ಲೆಕ್ಕ ಮುಗಿಸಿ ಮೂಲೆಯಲ್ಲಿ ಕಾದು ಕೂತ ಹುಡುಗಿ ಅವರ ಕಣ್ಣಿಗೆ ಬೀಳುವುದಿಲ್ಲ.