ದೀಪ ಕೊಟ್ಟರು, ಎಣ್ಣೆ ಯಾರದು?

ನಮ್ಮ ಪಡಸಾಲೆಯ ಜಂತೆಗೆ ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು. ತುದಿ ಕೊಕ್ಕೆಯ ಹಾಗೆ ಬಾಗಿ ಚೂಪಾಗಿತ್ತು. ಭೂಕಂದಾಯದ ರಸೀದಿ, ಮನೆಗಂದಾಯದ ರಸೀದಿ, ತಿಪಟೂರಿನ ಕೊಬ್ಬರಿ ಮಂಡಿಯ ಚೀಟಿ ಎಲ್ಲವೂ ಅದಕ್ಕೆ ಚುಚ್ಚಿಸಿಕೊಂಡು ಒಂದರ ಮೇಲೊಂದು ಕೂತಿರುತ್ತಿದ್ದವು. ತಾತ ಅದನ್ನು ‘ದಫ್ತರ’ ಎನ್ನುತ್ತಿದ್ದ. ಮಳೆಗಾಲದಲ್ಲಿ ಅದರಿಂದ ಹೊಗೆ, ಹಳೇ ಕಾಗದ, ಸೀಮೆಎಣ್ಣೆ ಮೂರೂ ಬೆರೆತ ವಾಸನೆ ಬರುತ್ತಿತ್ತು. ಸರ್ಕಾರದ ಖರ್ಚಿನ ಬಗ್ಗೆ ನಾನು ಮೊದಲು ಪಾಠ ಕೇಳಿದ್ದು ಆ ತಂತಿಯ ಕೆಳಗೆ. ಪಾಠ ಹೇಳಿದವನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಆಗ ಊರಿಗೆ ಕರೆಂಟು ಬಂದಿರಲಿಲ್ಲ. ಪಂಚಾಯ್ತಿಯವರು ಆರು ಕಲ್ಲುಕಂಬ ನೆಟ್ಟು, ಒಂದೊಂದರ ಮೇಲೂ ಗಾಜಿನ ಗೂಡು ಕೂರಿಸಿ, ಒಳಗೆ ಲಾಟೀನು ಇಟ್ಟರು. ಊರಿಗೆ ಊರೇ ನೋಡಲು ಬಂತು. ನಾನೂ ಒಬ್ಬ, ಎಂಟು ವರ್ಷದವನು. ತಾತ ಮಾತ್ರ ಜಗಲಿಯ ಮೇಲೆ ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದ. ಕಂಬಕ್ಕೆ ತಾಲ್ಲೂಕಿನಿಂದ ದುಡ್ಡು ಬಂದಿದೆ ಎಂದು ಮೆಂಬರು ಹೆಮ್ಮೆಯಿಂದ ಹೇಳಿದಾಗ ಕೇಳಿದ್ದು ಒಂದೇ ಮಾತು: ‘ದೀಪ ಕೊಟ್ರು, ಸರಿ. ಎಣ್ಣೆ ಯಾರದು?’ ಸೀಮೆಎಣ್ಣೆ ಬಾಟಲಿಗೆ ಮೂರಾಣೆ ಇತ್ತು. ಊರಬ್ಬ ಕಳೆಯುವುದರೊಳಗೆ ಆರರಲ್ಲಿ ನಾಲ್ಕು ಆರಿದವು. ಉಳಿದ ಎರಡರಲ್ಲಿ ಮೆಂಬರ ಮನೆ ಮುಂದೆ ಒಂದು, ಶಾನುಭೋಗರ ಮನೆ ಮುಂದೆ ಒಂದು ಉರಿದವು.

ಮನೆಗಂದಾಯ ವರ್ಷಕ್ಕೆ ಒಂದೂವರೆ ರೂಪಾಯಿ. ವಸೂಲಿಯವನು ಬಂದರೆ ತಾತ ಮಜ್ಜಿಗೆ ಕೊಟ್ಟು ಕೂರಿಸಿ, ಹೋದ ವರ್ಷದ ದುಡ್ಡು ಎಲ್ಲಿ ಹೋಯಿತು ಎಂದು ವಿಚಾರಣೆ ಶುರುಮಾಡುತ್ತಿದ್ದ. ‘ಚರಂಡಿಗೆ ಎಷ್ಟು? ಚಪ್ಪಡಿ ಎಷ್ಟು ಬಂತು? ಯಾರ ಗಾಡೀಲಿ ಬಂತು?’ ಆ ಬಡಪಾಯಿಗೆ ಗೊತ್ತಿದ್ದರೆ ತಾನೇ! ಕೊನೆಗೆ ನಾಲಿಗೆಗೆ ತಾಗಿಸಿ ಬರೆಯುವ ನೇರಳೆ ಪೆನ್ಸಿಲ್ಲಿನಲ್ಲಿ ರಸೀದಿ ಬರೆದು ಓಡಿಹೋಗುತ್ತಿದ್ದ. ಅವನ ತುಟಿ ನೋಡಿದರೆ ಆ ದಿನ ಎಷ್ಟು ಮನೆ ಮುಗಿಸಿದ್ದಾನೆ ಎಂದು ಹೇಳಬಹುದಿತ್ತು. ತಾತ ಒಂದು ವರ್ಷವೂ ಕಂದಾಯ ಬಾಕಿ ಇಟ್ಟವನಲ್ಲ. ‘ಬಾಕಿ ಇಟ್ಟೋನಿಗೆ ಬಾಯಿ ಇರಲ್ಲ ಕಣ್ಲಾ’ ಎನ್ನುತ್ತಿದ್ದ.

1957ರಲ್ಲಿ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಕೋರ್ಟಿನ ಕೆಲಸ ಮುಗಿಸಿಕೊಂಡು ವಿಧಾನಸೌಧ ನೋಡಲು ಹೋದೆವು. ಹಿಂದಿನ ವರ್ಷವಷ್ಟೇ ಕಟ್ಟಿ ಮುಗಿಸಿದ್ದರು. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟಿದ್ದು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ್ದು, ಒಂದು ಕೋಟಿ ಎಂಬತ್ತನಾಲ್ಕು ಲಕ್ಷ ಹಿಡಿದಿದ್ದು, ಅದರ ಖರ್ಚಿನ ಬಗ್ಗೆ ರಾಜ್ಯವೆಲ್ಲ ಗುಲ್ಲಾಗಿದ್ದು, ಕಟ್ಟಡ ಮುಗಿದ ವರ್ಷವೇ ಅವರ ಕುರ್ಚಿ ಹೋಗಿದ್ದು ತಾತನಿಗೆ ಬಾಯಿಪಾಠ. ಕಂಬಕ್ಕೆ ಗೇಣು ಹಾಕಿ ನೋಡಿ, ‘ಕಲ್ಲು ಗಟ್ಟಿ, ಕೆಲಸವೂ ಗಟ್ಟಿ’ ಎಂದು ಒಪ್ಪಿಕೊಂಡ. ನಾನು ತಲೆ ಎತ್ತಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಜೋರಾಗಿ ಓದಿದೆ. ‘ಹೌದಪ್ಪ, ದೇವರ ಕೆಲಸ ಅಂದ್ರೆ ಲೆಕ್ಕ ಕೇಳಂಗಿಲ್ಲ’ ಎಂದ. ಆಮೇಲೆ ಅಲ್ಲೇ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಹೋಟಲಿನ ಮಸಾಲೆದೋಸೆಗೆ ನಾನು ಅತ್ತಿದ್ದು, ಅವನು ಕೊಡಿಸದೇ ಇದ್ದದ್ದು ವಿಧಾನಸೌಧಕ್ಕಿಂತ ಚೆನ್ನಾಗಿ ನೆನಪಿದೆ.

ಸ್ಕೂಲಿನಲ್ಲಿ ಮೇಷ್ಟ್ರು ವಿಶ್ವೇಶ್ವರಯ್ಯನವರ ಮೇಣದಬತ್ತಿ ಕಥೆ ಹೇಳಿದರು. ನಿಮಗೂ ಹೇಳಿರುತ್ತಾರೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕಾಗದ ಬರೆಯುವಾಗ ಅದನ್ನು ಆರಿಸಿ ತಮ್ಮ ಬತ್ತಿ. ನಿಜವೋ ಕಟ್ಟಿದ್ದೋ, ಕಥೆ ಮಾತ್ರ ರಾಜ್ಯದ ಎಲ್ಲ ಶಾಲೆಗೂ ತಲುಪಿತ್ತು. ನಾನು ಕಣ್ಣರಳಿಸಿಕೊಂಡು ಮನೆಗೆ ಬಂದು ತಾತನಿಗೆ ಒಪ್ಪಿಸಿದೆ. ಅವನು ಬೆರಳಲ್ಲಿ ಸುಣ್ಣ ಸವರಿಕೊಳ್ಳುತ್ತಾ, ‘ಎರಡನೇ ಬತ್ತಿ ತಂದಿದ್ದೂ ಸರ್ಕಾರದ ಸಂಬಳದಲ್ಲೇ ಅಲ್ವೇನ್ಲಾ’ ಎಂದ. ಆ ಮಾತನ್ನು ಮಾರನೇ ದಿನ ಮೇಷ್ಟ್ರಿಗೆ ಹೇಳಿ ಹುಣಸೆ ಬರಲಿನ ಏಟು ತಿಂದೆ.

1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಸರ್ಕಾರ ಎಲ್ಲದಕ್ಕೂ ಕೈಹಾಕಬಾರದು, ಪರ್ಮಿಟ್ಟು ಲೈಸೆನ್ಸುಗಳ ರಾಜ್ಯ ಬೇಡ ಎನ್ನುವ ಮಾತು ತಾತನ ಕಿವಿಗೆ ಜೇನು ಸುರಿದ ಹಾಗಾಯಿತು. ಕಾಂಗ್ರೆಸ್ಸಿನ ಜೋಡೆತ್ತು ಬಿಟ್ಟು ನಕ್ಷತ್ರದ ಗುರುತಿಗೆ ಹೋದ. ನಾನು ತುಮಕೂರಿನಲ್ಲಿ ಬಿ.ಎ. ಓದುವಾಗ ಲೋಹಿಯಾ ಹುಚ್ಚು ಹಿಡಿಸಿಕೊಂಡು, ಗಡ್ಡ ಬಿಟ್ಟು, ಅವನನ್ನು ಸೋಲಿಸಲು ಲೈಬ್ರರಿಯಲ್ಲಿ ಕೂತು ಮದ್ದು ಹುಡುಕಿದೆ. ಸಿಕ್ಕಿತು. 1939ರಲ್ಲಿ ಮದರಾಸಿನಲ್ಲಿ ಮಾರಾಟ ತೆರಿಗೆ ತಂದವರು ಇದೇ ರಾಜಾಜಿ! ರಜಕ್ಕೆ ಬಂದವನು ಜೋಳಿಗೆ ಇಳಿಸುವ ಮೊದಲೇ ಹೇಳಿದೆ. ತಾತ ಸ್ವಲ್ಪವೂ ಅಲುಗಲಿಲ್ಲ. ‘ಹೆಂಡ ನಿಲ್ಲಿಸಿದರು, ವರಮಾನ ತೂತು ಬಿತ್ತು, ತೇಪೆ ಹಾಕಿದರು. ಇದು ತೂತು, ಇದು ತೇಪೆ ಅಂತ ಹೇಳಿ ಹಾಕಿದರೆ ಯಾರು ಬೇಡ ಅಂತಾರೆ?’ ಲೋಹಿಯಾ ಇದಕ್ಕೆ ಏನು ಹೇಳಿದ್ದಾರೆ ಎಂದು ಲೈಬ್ರರಿಯಲ್ಲಿ ನೋಡಿಕೊಂಡು ಬಂದಿರಲಿಲ್ಲ.

ಕನ್ನಂಬಾಡಿಯನ್ನೂ ಎಳೆದುತಂದೆ. 1911ರಲ್ಲಿ ಆ ಕಟ್ಟೆಗೆ 81 ಲಕ್ಷ ಎಂದಾಗ ಮೈಸೂರಿನ ಹಣಕಾಸಿನವರು ಬೇಡವೆಂದು ತಲೆಯಾಡಿಸಿದ್ದರು, ಅವರ ಮಾತು ಕೇಳಿದ್ದರೆ ಮಂಡ್ಯದಲ್ಲಿ ಕಬ್ಬು ಬೆಳೆಯುತ್ತಿತ್ತೇ ಎಂದೆ. ‘ಕಟ್ಟೆ ನೀರು ಕೊಡುತ್ತೆ, ನೀರಿಗೆ ಕಂದಾಯ ಹುಟ್ಟುತ್ತೆ, ಕಂದಾಯದಲ್ಲಿ ಕಟ್ಟೆ ಉಳಿಯುತ್ತೆ. ನಿಮ್ಮ ಪಂಚಾಯ್ತಿ ರೇಡಿಯೋಗೆ ಏನು ಹುಟ್ಟುತ್ತೆ?’ ಎಂದ. ಪಂಚಾಯ್ತಿ ಕಟ್ಟೆಯ ಮೇಲೆ ಬೀಗದ ಪೆಟ್ಟಿಗೆಯೊಳಗೆ ಒಂದು ಬ್ಯಾಟರಿ ರೇಡಿಯೋ ಇತ್ತು. ಅದು ದಂಡದ ಬಾಬ್ತು ಎಂದು ಊರೆಲ್ಲ ಸಾರಿದ್ದ ತಾತ ದಿನಾ ಸಂಜೆ ಎಲ್ಲರಿಗಿಂತ ಮುಂಚೆ ಹೋಗಿ ವಾರ್ತೆ ಕೇಳಲು ಕೂರುತ್ತಿದ್ದ. ಬ್ಯಾಟರಿ ಮುಗಿದು ಎರಡು ತಿಂಗಳು ರೇಡಿಯೋ ಮೂಕಾದಾಗ ಅತಿ ಹೆಚ್ಚು ಬೈದವನೂ ಅವನೇ.

ಕರೆಂಟು ಬಂತು. ಎಪ್ಪತ್ತರ ದಶಕದ ಕೊನೆಗೆ ಬಡವರ ಮನೆಗೆ ಭಾಗ್ಯಜ್ಯೋತಿ ಶುರುವಾಯಿತು. ಮನೆಗೊಂದೇ ನಲವತ್ತು ಕ್ಯಾಂಡಲ್ ಬಲ್ಬು. ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ತಾತ ಗೊಣಗಿದ. ನಮ್ಮ ಮನೆಯಲ್ಲಿ ಆರು ಬಲ್ಬಿದ್ದವು. ತೋಟದ ಪಂಪ್‌ಸೆಟ್ಟಿನ ಬಿಲ್ಲು ಎಂಬತ್ತರ ದಶಕದಲ್ಲಿ ಅರ್ಧಕ್ಕರ್ಧ ಇಳಿದಾಗ ಯಾರೂ ಗೊಣಗಿದ್ದು ಕೇಳಲಿಲ್ಲ. ಬರಗಾಲದಲ್ಲಿ ಕಂದಾಯ ಮನ್ನಾ ಆದ ವರ್ಷವೂ ತಾತ ಸೋಮಾರಿತನದ ಮಾತೆತ್ತಲಿಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ನಮ್ಮ ಮನೆಗೆ ಬಂದದ್ದು ನ್ಯಾಯ, ಕೇರಿಗೆ ಹೋದದ್ದು ದಂಡ. ಆಗ ಇದು ನನಗೆ ಕಾಣಿಸಿತ್ತು ಎಂದರೆ ಸುಳ್ಳಾಗುತ್ತದೆ. ಆ ಪಂಪ್‌ಸೆಟ್ಟಿನ ನೀರಲ್ಲಿ ಬೆಳೆದ ಕಾಯಿ ಮಾರಿಯೇ ನಾನು ಎಚ್‌ಎಂಟಿ ವಾಚು ಕಟ್ಟಿದ್ದೆ.

1987ರಲ್ಲಿ ಮಂಡಲ ಪಂಚಾಯ್ತಿ ಬಂತು. ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು. ದೇಶದಲ್ಲಿ ಅಪರೂಪ ಎನ್ನುವಷ್ಟು ಅಧಿಕಾರವನ್ನು ಮಂತ್ರಿ ಅಬ್ದುಲ್ ನಜೀರ್ ಸಾಬರು ಹಳ್ಳಿಗೆ ಇಳಿಸಿದ್ದರು. ಬೋರ್‌ವೆಲ್ ಹಾಕಿಸಿ ಹಾಕಿಸಿ ಜನರ ಬಾಯಲ್ಲಿ ನೀರ್ ಸಾಬ್ ಆಗಿದ್ದರು. ನಾನೂ ಮೆಂಬರಾದೆ. ಮೊದಲ ಕೆಲಸವಾಗಿ ಜಾತ್ರೆಗೆಂದು ಇಪ್ಪತ್ತು ಟ್ಯೂಬ್‌ಲೈಟ್ ಹಾಕಿಸಿದೆ. ಸೆಟ್ಟಿಗೆ ನೂರಾ ಹತ್ತು ರೂಪಾಯಿ. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು ನಿಂತ ಫೋಟೋ ಇದೆ. ನೋಡಿದರೆ ಈಗ ನನಗೇ ನಗು ಬರುತ್ತದೆ, ಕರೆಂಟು ಕಂಡುಹಿಡಿದವನ ಹಾಗೆ ನಿಂತಿದ್ದೇನೆ. ದೀಪಾವಳಿಗೆ ಹನ್ನೊಂದು ಉಳಿದಿದ್ದವು. ಸ್ಟಾರ್ಟರು ಕೊಳ್ಳಲು ಲೆಕ್ಕದಲ್ಲಿ ಬಾಬ್ತಿರಲಿಲ್ಲ. ಎಂಬತ್ತಾರರ ತಾತ ಕೋಲೂರಿಕೊಂಡು ಬಂದು, ಕತ್ತಲ ಕಂಬವೊಂದಕ್ಕೆ ಕೈಯಾನಿಸಿ ನಿಂತು, ನನ್ನ ಮುಖ ನೋಡಿದ. ಈ ಸಲ ಪ್ರಶ್ನೆ ಕೇಳಲೂ ಇಲ್ಲ.

ಎರಡನೇ ಕೆಲಸ ಕೇರಿಗೆ ಬೋರ್‌ವೆಲ್. ಕೈಪಂಪು ಅನವಶ್ಯಕ ಖರ್ಚು ಎಂದು ತಾತ ಮಂಡಲದ ಸಭೆಗೇ ಬಂದು ಹೇಳಿದ. ಊರಲ್ಲಿ ಮೂರು ಬಾವಿ ಇವೆ, ನಮ್ಮ ಹಿತ್ತಲಿನದೂ ಸೇರಿ, ರಾಟೆಗೆ ಹಗ್ಗ ಸಾಕು ಎಂದ. ಕೇರಿಯ ಒಬ್ಬ ಹೆಂಗಸು ಮೀಸಲಾತಿಯಲ್ಲಿ ಮೆಂಬರಾಗಿದ್ದಳು. ಅಲ್ಲಿಯವರೆಗೂ ಬಾಗಿಲ ಬಳಿ ಸೆರಗು ಹೊದ್ದು ಕೂತಿದ್ದು ಹೋಗುತ್ತಿದ್ದವಳು ಅವತ್ತು ಎದ್ದು ನಿಂತಳು. ‘ಯಜಮಾನ್ರೇ, ನಿಮ್ಮ ಬಾವಿ ನೀರು ಬೋ ಸೀ ಅಂತಾರೆ. ನಾವು ಕುಡಿದು ನೋಡಿಲ್ಲ’ ಎಂದಳು. ಅಷ್ಟೇ. ತಾತ ಸಂಚಿಯ ದಾರ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಊರು ಮೂವತ್ತು ವರ್ಷ ಉಳಿಸಿದ್ದ ದುಡ್ಡನ್ನು ಕೇರಿಯ ಹೆಂಗಸರು ಕೆರೆಯಿಂದ ಬಿಂದಿಗೆ ಹೊತ್ತು ತೀರಿಸಿದ್ದರು. ಅದಕ್ಕೆ ಮಾತ್ರ ತಂತಿಯಲ್ಲಿ ರಸೀದಿ ಇರಲಿಲ್ಲ.

ಬೋರ್‌ವೆಲ್ ಕೊರೆಸಿದೆವು. ತಾತ ಬದಲಾದ ಎಂದುಕೊಳ್ಳಬೇಡಿ. ಮನೆಗೆ ಬಂದು, ‘ಪಂಪಿನ ವಾಷರ್ ಸವೆದರೆ ಯಾರು ಹಾಕ್ತಾರೆ, ಅದನ್ನ ಬರೆಸಿಕೋ’ ಎಂದ. ನಾನು ಬರೆಸಿಕೊಳ್ಳಲಿಲ್ಲ. ಎಂಟು ತಿಂಗಳಿಗೆ ಚರ್ಮದ ವಾಷರ್ ಸವೆದು ಪಂಪು ಬರೀ ಗಾಳಿ ಉಗುಳತೊಡಗಿತು. ನಾಲ್ಕು ರೂಪಾಯಿಯ ವಾಷರ್‌ಗೆ ಅರ್ಜಿ ತಾಲ್ಲೂಕಿಗೆ ಹೋಗಿ ಬರಲು ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ಕೇರಿಯ ಆ ಮೆಂಬರು ಮತ್ತೆ ಕೆರೆಗೆ ನಡೆದಳು. ಅವಳು ಹೇಳಿದ್ದೂ ಸರಿ, ತಾತ ಹೇಳಿದ್ದೂ ಸರಿ. ನಡುವೆ ಹಾರ ಹಾಕಿಸಿಕೊಂಡ ನಾನೊಬ್ಬನೇ ತಪ್ಪಿದ್ದೆ. 1989ರ ಚಳಿಗಾಲದಲ್ಲಿ ತಾತ ತೀರಿಕೊಂಡ. ಆ ವರ್ಷದ ಮನೆಗಂದಾಯ ಕಟ್ಟಿಯಾಗಿತ್ತು.

ಈಗ ನನಗೇ ಎಪ್ಪತ್ತೈದು ದಾಟಿದೆ. 2017ರಲ್ಲಿ ವಿಧಾನಸೌಧಕ್ಕೆ ಅರವತ್ತಾಯಿತೆಂದು ಉತ್ಸವ ಮಾಡಿದರು. ಮೊದಲು ಹೇಳಿದ ಮೊತ್ತ ಇಪ್ಪತ್ತು ಕೋಟಿಗೂ ಮೇಲಿತ್ತು. ಗಲಾಟೆಯಾದ ಮೇಲೆ ಹತ್ತು ಕೋಟಿಗೆ ಇಳಿಸಿದರು. ಕಟ್ಟಲು ಎರಡು ಕೋಟಿ ಹಿಡಿಯದ ಕಟ್ಟಡದ ಹುಟ್ಟುಹಬ್ಬಕ್ಕೆ ಹತ್ತು ಕೋಟಿ! ಅಂದಿನ ರೂಪಾಯಿ ಬೇರೆ, ಇಂದಿನದು ಬೇರೆ ಎನ್ನುವುದು ನನಗೂ ಗೊತ್ತು. ಆದರೂ ಪೇಪರು ಮಡಿಸಿಟ್ಟು, ‘ದೇವರ ಕೆಲಸ’ ಎಂದು ಗೊಣಗಿದೆ. ಹೆಂಡತಿ ತಿರುಗಿ ನೋಡಿದಳು. ದನಿ ತಾತನದೇ ಆಗಿತ್ತಂತೆ.

2023ರಲ್ಲಿ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳು ಬಂದವು. ಐದಕ್ಕೂ ಸೇರಿ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ಎಂದು ಓದಿ ಜಗಲಿಯಲ್ಲಿ ನಾನು ಭಾಷಣ ಬಿಗಿದೆ. ನನ್ನ ಭಾಷಣ ಮುಗಿಯುವ ಹೊತ್ತಿಗೆ ಹೆಂಡತಿ ಶಕ್ತಿ ಯೋಜನೆಯ ಬಸ್ಸು ಹತ್ತಿ ಧರ್ಮಸ್ಥಳದ ದಾರಿ ಹಿಡಿದಿದ್ದಳು. ಸೊಸೆಯ ಖಾತೆಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ನನ್ನ ಬಿಪಿ ಮಾತ್ರೆಯೂ ಸೇರಿದೆ ಎಂದು ಆಮೇಲೆ ತಿಳಿಯಿತು. ಇಲ್ಲಿ ಇದನ್ನು ಬಿಟ್ಟಿ ಎಂದು ಬೈದ ಪಕ್ಷವಿದ್ದ ಸರ್ಕಾರಗಳೇ ಮಧ್ಯಪ್ರದೇಶದಲ್ಲಿ, ಮಹಾರಾಷ್ಟ್ರದಲ್ಲಿ ಹೆಂಗಸರ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕಿದವು. ತಾತನ ಲೆಕ್ಕದ ಪುಸ್ತಕದ್ದು ಎಲ್ಲ ಪಕ್ಷದ ಆಫೀಸಿನಲ್ಲೂ ಒಂದೊಂದು ಪ್ರತಿ ಇದೆ ಎಂದಾಯಿತು.

ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್‌ವರೆಗೆ ಬಿಲ್ಲಿಲ್ಲ ಎಂದರು. ಹಾಗೆಂದು ಎಲ್ಲರಿಗೂ ಇನ್ನೂರಲ್ಲ. ಶುರುವಾದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಮಾತ್ರ ಹೆಚ್ಚು ಎಂದಿತ್ತು. ದೀಪ ಆರಿಸಿ ಆರಿಸಿ ಎಪ್ಪತ್ತು ಯೂನಿಟ್ಟಿನಲ್ಲಿ ಬದುಕಿದ್ದ ನಮಗೆ ಎಪ್ಪತ್ತೇಳು. ಹಗಲಲ್ಲೂ ಲೈಟು ಉರಿಸುತ್ತಿದ್ದ ಪಕ್ಕದ ಮನೆಗೆ ನೂರೈವತ್ತರ ಮೇಲೆ. ತಾತ ಇದ್ದಿದ್ದರೆ ಇದೊಂದಕ್ಕೇ ಹತ್ತು ವರ್ಷ ಹೆಚ್ಚಿಗೆ ಬದುಕುತ್ತಿದ್ದ.

ಮೊನ್ನೆ ಗ್ರಾಮಸಭೆಗೆ ಹೋಗಿದ್ದೆ. ಕೇರಿಯ ದಾರಿಯ ಸೋಲಾರ್ ದೀಪ ಆರಿ ಒಂದು ವರ್ಷವಾಗಿದೆ ಎಂದೆ. ಪಿಡಿಒ ಮಗಳ ವಯಸ್ಸಿನವಳು, ಮರ್ಯಾದಸ್ತೆ. ‘ಬ್ಯಾಟರಿ ಹೋಗಿದೆ ಯಜಮಾನ್ರೇ. ಹೊಸ ಕಂಬ ಬೇಕಂದ್ರೆ ಅನುದಾನ ಇದೆ, ಬ್ಯಾಟರಿಗೆ ಇಲ್ಲ’ ಎಂದಳು. ಬೀದಿದೀಪ, ನೀರಿನ ಮೋಟಾರುಗಳ ಕರೆಂಟಿಗೆ ರಾಜ್ಯದ ಪಂಚಾಯ್ತಿಗಳು ಸಾವಿರಾರು ಕೋಟಿ ಬಾಕಿ ಉಳಿಸಿಕೊಂಡಿರುವ ಕಾಲ, ಅವಳಾದರೂ ಏನು ಮಾಡುತ್ತಾಳೆ. ‘ಹಾಗಾದರೆ ದೀಪ ಕೊಟ್ರು, ಎಣ್ಣೆ...’ ಎಂದು ಶುರುಮಾಡಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕೆಂದ. ಸೋಲಾರ್ ದೀಪಕ್ಕೆ ಎಣ್ಣೆ ಕೇಳುವ ಮುದುಕ ಎಂದುಕೊಂಡಿರಬೇಕು.

ಜಂತೆಯ ಮನೆ ಹೋಯಿತು, ಆರ್‌ಸಿಸಿ ಬಂತು. ತಂತಿ ಮಾತ್ರ ನನ್ನ ಕೋಣೆಯ ಮೊಳೆಯಲ್ಲಿದೆ. ತಿಂಗಳು ತಿಂಗಳು ಸೊನ್ನೆ ಬಿಲ್ಲನ್ನೂ ಅದಕ್ಕೆ ಚುಚ್ಚುತ್ತೇನೆ. ‘ನಾವು ಕಟ್ಟದ ಬಿಲ್ಲು ಯಾಕೆ ಇಡ್ತೀರಿ?’ ಎಂದು ಸೊಸೆ ಕೇಳಿದಳು. ‘ಯಾರೋ ಕಟ್ಟಿದ್ದಾರಲ್ಲಮ್ಮ’ ಎಂದೆ. ಕೆಳಗಿರುವ ಒಂದೂವರೆ ರೂಪಾಯಿಯ ರಸೀದಿಗಳ ನೇರಳೆ ಅಕ್ಷರ ಈಗಲೂ ಓದಲು ಬರುತ್ತದೆ. ಮೇಲಿನ ಬಿಲ್ಲುಗಳು ಮೆಷಿನ್ನಿನ ನುಣುಪು ಕಾಗದದವು. ಆರು ತಿಂಗಳಿಗೆ ಅಕ್ಷರ ಮಾಸಿ, ಸೊನ್ನೆಯೂ ಕಾಣದ ಹಾಗೆ ಬೆಳ್ಳಗಾಗುತ್ತವೆ.